ಮಂಡಿಯೂರಿದ ಪ್ರಶ್ನೆ, ಎದ್ದು ನಿಂತ ವಾಕ್ಯ: ವರ್ಣಭೇದವನ್ನು ಎದುರಿಸಿದ ಅಚ್ಚುಚಿತ್ರಗಳು

ಗುಲಾಮರ ವ್ಯಾಪಾರವನ್ನು ನಿಲ್ಲಿಸಲೆಂದು 1787ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಮಿತಿ ತನಗೊಂದು ಮುದ್ರೆಯನ್ನು ಮಾಡಿಸಿಕೊಂಡಿತು. ಸಂಕೋಲೆ ತೊಟ್ಟ ಕಪ್ಪು ಮನುಷ್ಯನೊಬ್ಬ ಮಂಡಿಯೂರಿ, ಜೋಡಿಸಿದ ಕೈಗಳನ್ನು ಮೇಲೆತ್ತಿ, ‘ನಾನು ಮನುಷ್ಯನಲ್ಲವೇ, ಸಹೋದರನಲ್ಲವೇ?’ ಎಂದು ಕೇಳುವ ಚಿತ್ರ ಅದು. ಪಿಂಗಾಣಿ ಉದ್ಯಮಿ ಜೊಸಾಯ ವೆಜ್‌ವುಡ್ ಅದನ್ನು ಪದಕಗಳಾಗಿ ಮಾಡಿಸಿ ಹಂಚಿದರು. ಅಟ್ಲಾಂಟಿಕ್ ದಾಟಿದ ಅದೇ ಆಕೃತಿ 1837ರಲ್ಲಿ ಅಮೆರಿಕದಲ್ಲಿ ಮರದಚ್ಚಿನ ಚಿತ್ರವಾಗಿ, ಜಾನ್ ಗ್ರೀನ್‌ಲೀಫ್ ವಿಟಿಯರ್ ಅವರ ಗುಲಾಮಗಿರಿ ವಿರೋಧಿ ಕವಿತೆಯೊಂದಿಗೆ ಒಂದೇ ಹಾಳೆಯಲ್ಲಿ ಅಚ್ಚಾಯಿತು. ಬಿಡಿ ಪ್ರತಿಗೆ 2 ಸೆಂಟ್, ನೂರು ಪ್ರತಿಗೆ 1 ಡಾಲರ್.

ವರ್ಣಭೇದದ ವಿರುದ್ಧ ನಿಂತವರು ಮತ್ತೆ ಮತ್ತೆ ಅಚ್ಚುಚಿತ್ರದ ಕಡೆಗೆ ತಿರುಗಿದ್ದಕ್ಕೆ ಈ ಬೆಲೆಯೇ ದೊಡ್ಡ ಕಾರಣ. ತೈಲಚಿತ್ರ ಯಾರೋ ಒಬ್ಬರ ಗೋಡೆಗೆ ಸೇರುತ್ತದೆ. ಒಮ್ಮೆ ಕೊರೆದ ಅಚ್ಚು ನೂರಾರು ಹಾಳೆಗಳಾಗಿ ಊರೂರಿಗೆ ಹೋಗುತ್ತದೆ. ಆದರೆ ಆ ಹಳೆಯ ಚಿತ್ರವನ್ನು ಇಂದು ನೋಡುವಾಗ ನನ್ನನ್ನು ಕಾಡುವುದು ಅದರ ಬೆಲೆಯಲ್ಲ, ನೆಲಕ್ಕೂರಿದ ಆ ಮಂಡಿ. ಒಳ್ಳೆಯ ಉದ್ದೇಶದ ಬಿಳಿಯರು ರೂಪಿಸಿದ ಆ ಆಕೃತಿ ಬೇಡುತ್ತಿದೆ; ಅವನು ಮನುಷ್ಯನೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನೋಡುವವರ ಬಳಿಯೇ ಉಳಿದಿದೆ. ಭಂಗಿ ಬದಲಾಗಬೇಕಾದರೆ ಅಚ್ಚು ಕೊರೆಯುವ ಕೈಯೇ ಬದಲಾಗಬೇಕಿತ್ತು.

ಹಾಗೆ ಕೊರೆದ ಕೈಗಳಲ್ಲಿ ಅಮೆರಿಕದ ಕಪ್ಪು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ ಅವರದು ಮುಖ್ಯವಾದುದು. ಅವರು ಹುಟ್ಟಿದ್ದು 1915ರಲ್ಲಿ, ವಾಷಿಂಗ್ಟನ್ನಿನಲ್ಲಿ; ಅವರ ಅಜ್ಜ-ಅಜ್ಜಿಯರು ಗುಲಾಮಗಿರಿಯನ್ನು ಅನುಭವಿಸಿದವರು. ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆ ಕಪ್ಪು ವರ್ಣದವರೆಂಬ ಕಾರಣಕ್ಕೆ ಕ್ಯಾಟ್ಲೆಟ್ ಅವರಿಗೆ ಪ್ರವೇಶ ನಿರಾಕರಿಸಿತು. ಅವರು ಹೋವರ್ಡ್ ವಿಶ್ವವಿದ್ಯಾಲಯದಲ್ಲೂ ಮುಂದೆ ಅಯೋವಾದಲ್ಲೂ ಕಲಿತರು. 1946ರಲ್ಲಿ ವಿದ್ಯಾರ್ಥಿವೇತನದ ಮೇಲೆ ಮೆಕ್ಸಿಕೋಗೆ ಹೋಗಿ, 1937ರಿಂದ ಜನಸಾಮಾನ್ಯರಿಗಾಗಿ ಅಗ್ಗದ ಚಿತ್ರಗಳನ್ನು ಅಚ್ಚುಹಾಕುತ್ತಿದ್ದ ‘ತಾಲ್ಯೆರ್ ದೆ ಗ್ರಾಫಿಕಾ ಪೋಪುಲಾರ್’ ಎಂಬ ಕಲಾವಿದರ ಕಾರ್ಯಾಗಾರವನ್ನು ಸೇರಿಕೊಂಡರು. ಅಲ್ಲಿ ಅವರು ಕಪ್ಪು ಮಹಿಳೆಯರ ಬದುಕನ್ನು ಕುರಿತು ಹದಿನೈದು ಲಿನೋಕಟ್‌ಗಳ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಅಚ್ಚುಹಾಕಿದ ಚಿತ್ರಗಳ, ಸರಣಿಯನ್ನು ಮಾಡಿದರು. ಅದರಲ್ಲಿ ಗುಲಾಮರನ್ನು ಬಿಡುಗಡೆಯ ದಾರಿಗೆ ಕರೆದೊಯ್ದ ಹ್ಯಾರಿಯೆಟ್ ಟಬ್‌ಮನ್ ಇದ್ದಾರೆ, ಹೊಲದಲ್ಲಿ ದುಡಿಯುವ, ಪರರ ಮನೆಗೆಲಸ ಮಾಡುವ ಹೆಸರಿಲ್ಲದ ಹೆಣ್ಣುಮಕ್ಕಳೂ ಇದ್ದಾರೆ. ಚಿತ್ರಗಳ ಶೀರ್ಷಿಕೆಗಳನ್ನು ಒಂದರ ನಂತರ ಒಂದು ಓದುತ್ತಾ ಹೋದರೆ, ‘ನಾನು’ ಎಂದು ಮಾತು ಶುರುಮಾಡುವ ಹೆಣ್ಣಿನ ಕಥೆ ಕೇಳಿಸುತ್ತದೆ.

ಅವರ 1952ರ ‘ಷೇರ್‌ಕ್ರಾಪರ್’ (ಪಾಲಿಗೆ ಉಳುವವಳು) ಎಂಬ ಲಿನೋಕಟ್ ಈ ಮಾತನ್ನು ಒಂದೇ ಮುಖದಲ್ಲಿ ಹಿಡಿದಿಟ್ಟಿದೆ. ಗುಲಾಮಗಿರಿ ಕೊನೆಗೊಂಡ ಮೇಲೂ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅಸಂಖ್ಯ ಕಪ್ಪು ಕುಟುಂಬಗಳು ಬೇರೆಯವರ ಭೂಮಿಯನ್ನು ಪಾಲಿಗೆ ಉಳುತ್ತಿದ್ದವು. ಬೀಜಕ್ಕೂ ದಿನಸಿಗೂ ಮಾಡಿದ ಸಾಲ ಬೆಳೆಯ ಪಾಲನ್ನು ನುಂಗಿ, ಮರುವರ್ಷವೂ ಅದೇ ಹೊಲಕ್ಕೆ ಕಟ್ಟಿಹಾಕುತ್ತಿತ್ತು. ಚಿತ್ರದ ಹೆಂಗಸು ಅಂಥವಳು. ಅಗಲ ಅಂಚಿನ ಹುಲ್ಲಿನ ಟೋಪಿ, ಗುಂಡಿಯ ಬದಲು ಪಿನ್ನು ಚುಚ್ಚಿದ ಮೇಲಂಗಿ. ಆದರೆ ಕಲಾವಿದೆ ಅವಳನ್ನು ಕೆಳಗಿನಿಂದ ನೋಡಿದ್ದಾರೆ. ನಾವು ತಲೆಯೆತ್ತಿಯೇ ಅವಳನ್ನು ನೋಡಬೇಕು, ಅವಳಾದರೋ ನಮ್ಮನ್ನು ದಾಟಿ ದೂರಕ್ಕೆ ನೋಡುತ್ತಾಳೆ. ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ತೆಗೆದ ಭಾಗ ಬಿಳಿಯಾಗಿ ಉಳಿಯುತ್ತದೆ, ಉಳಿಸಿದ ಭಾಗ ಶಾಯಿ ಹಿಡಿಯುತ್ತದೆ. ಟೋಪಿಯ ಹುಲ್ಲನ್ನೂ ಕೆನ್ನೆಯ ಸುಕ್ಕನ್ನೂ ತೋರಿಸುವುದು ಹಾಗೆ ಉಳಿಯಿಂದ ಎಳೆದ ಬಿಳಿ ಗೆರೆಗಳೇ.

ಕ್ಯಾಟ್ಲೆಟ್ 1962ರಲ್ಲಿ ಮೆಕ್ಸಿಕೋದ ಪೌರತ್ವ ಪಡೆದರು. ಎಡಪಂಥೀಯ ನಂಟಿನ ಕಾರಣಕ್ಕೆ ಹುಟ್ಟಿದ ದೇಶವೇ ಅವರನ್ನು ಬೇಡವಾದ ವಿದೇಶಿಯೆಂದು ಹೊರಗಿಟ್ಟಿತು. 1971ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಸ್ಟುಡಿಯೋ ಮ್ಯೂಸಿಯಂನಲ್ಲಿ ನಡೆದ ತಮ್ಮ ಪ್ರದರ್ಶನಕ್ಕೆ ಬರಲು ಅವರಿಗೆ ಅನುಮತಿ ದೊರೆಯಿತು.

ಅಷ್ಟರಲ್ಲಿ ಆ ಹಳೆಯ ಪ್ರಶ್ನೆಗೆ ಬೀದಿಯಲ್ಲೇ ಉತ್ತರ ಸಿಕ್ಕಿತ್ತು. 1968ರ ಫೆಬ್ರವರಿ 1ರಂದು ಅಮೆರಿಕದ ಮೆಂಫಿಸ್ ನಗರದಲ್ಲಿ ಇಬ್ಬರು ಕಪ್ಪು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. 12ರಂದು ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಮೆರವಣಿಗೆಯಲ್ಲಿ ಅವರು ಹಿಡಿದ ಹಾಳೆಯ ಮೇಲೆ ಚಿತ್ರವಿರಲಿಲ್ಲ. ಇದ್ದದ್ದು ‘ಐ ಆ್ಯಮ್ ಎ ಮ್ಯಾನ್’ ಎಂಬ ದಪ್ಪಕ್ಷರದ ಒಂದೇ ವಾಕ್ಯ. ‘ಆ್ಯಮ್’ ಎಂಬುದರ ಕೆಳಗೆ ಗೆರೆ. ಕನ್ನಡದಲ್ಲಿ ‘ನಾನು ಮನುಷ್ಯ’ ಎನ್ನಲು ಕ್ರಿಯಾಪದವೇ ಬೇಡವಾದ್ದರಿಂದ ಆ ಗೆರೆಯನ್ನು ನಮ್ಮ ಮಾತಿಗೆ ತರುವುದು ಕಷ್ಟ. ‘ಹೌದು, ಮನುಷ್ಯನೇ’ ಎಂಬ ಒತ್ತು ಅದರಲ್ಲಿದೆ. ಇಲ್ಲಿ ಯಾರೂ ಮಂಡಿಯೂರಿಲ್ಲ, ಯಾರನ್ನೂ ಏನನ್ನೂ ಕೇಳುತ್ತಿಲ್ಲ. ಈ ಕಾರ್ಮಿಕರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಟ್ಟು ಕೊಂದರು; 16ರಂದು ನಗರಾಡಳಿತ ಕಾರ್ಮಿಕ ಸಂಘವನ್ನು ಒಪ್ಪಿಕೊಂಡಿತು.

ಕಲಾವಿದ ಗ್ಲೆನ್ ಲೈಗನ್ 1988ರಲ್ಲಿ ಆ ಫಲಕವನ್ನು ಕ್ಯಾನ್‌ವಾಸಿನ ಮೇಲೆ ಚಿತ್ರಿಸಿದರು. 2000ದಲ್ಲಿ ಅದೇ ವರ್ಣಚಿತ್ರವನ್ನು ‘ಕಂಡೀಷನ್ ರಿಪೋರ್ಟ್’ ಎಂಬ ಹೆಸರಿನಲ್ಲಿ ಎರಡು ಹಾಳೆಗಳ ಅಚ್ಚುಚಿತ್ರವಾಗಿ ಹೊರತಂದರು. ಒಂದು ಹಾಳೆಯಲ್ಲಿ ಚಿತ್ರ ಇದ್ದಂತೆಯೇ ಇದೆ. ಇನ್ನೊಂದರಲ್ಲಿ ಕಲಾಕೃತಿಗಳ ಸಂರಕ್ಷಣಾ ತಜ್ಞರೊಬ್ಬರು ಬಣ್ಣ ಎಲ್ಲೆಲ್ಲಿ ಬಿರುಕುಬಿಟ್ಟಿದೆ, ಎಲ್ಲಿ ಕಲೆಯಾಗಿದೆ ಎಂದು ಅಕ್ಷರಗಳ ಸುತ್ತ ಗುರುತು ಹಾಕಿ, ಕೈಬರಹದಲ್ಲಿ ಟಿಪ್ಪಣಿ ಬರೆದಿದ್ದಾರೆ.