ಕಾಲು ಮೈಲಿ, ಬೋಳು ಟೈರು

1950ರ ದಶಕದ ಕೊನೆಯ ಅಮೆರಿಕದ ಡ್ರ್ಯಾಗ್ ರೇಸ್ (ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಕಾಲು ಮೈಲಿ ಓಡುವ ಪಂದ್ಯ) ಕಾರೊಂದರ ಚಿತ್ರ ನೋಡಿ. ಉದ್ದನೆಯ ಎರಡು ಉಕ್ಕಿನ ಕೊಳವೆ, ಅದರ ಮುಂತುದಿಗೆ ಸೈಕಲ್ ಚಕ್ರವನ್ನು ನೆನಪಿಸುವ ಎರಡು ತೆಳು ಚಕ್ರ, ಹಿಂಬದಿಗೆ ಸರಿಸಿ ಕೂರಿಸಿದ ಭಾರೀ ಎಂಜಿನ್, ಅದರ ಬೆನ್ನಿಗೇ ಎರಡು ಅಗಲವಾದ ಬೋಳು ಟೈರು. ಚಾಲಕ ಎಲ್ಲಿ ಎಂದು ಹುಡುಕಿದರೆ ಅವನು ಆ ಟೈರುಗಳಿಗಿಂತಲೂ ಹಿಂದೆ ಇದ್ದಾನೆ. ಹಿಂದಿನ ಆಕ್ಸೆಲ್ಲಿನ ಆಚೀಚೆ ಕಾಲು ಚಾಚಿಕೊಂಡು, ಕವಣೆಯಲ್ಲಿ ಇಟ್ಟ ಕಲ್ಲಿನ ಹಾಗೆ ಕೂತಿದ್ದಾನೆ. ಅದಕ್ಕೇ ಆ ಕಾರಿಗೆ ಸ್ಲಿಂಗ್‌ಶಾಟ್ ಎಂದೇ ಹೆಸರು. ಕಾರು ಕೆಟ್ಟರೆ, ಸಿಡಿದರೆ, ಎಂಜಿನ್ನಿನ ಬಿಸಿ ಎಣ್ಣೆ, ಬೆಂಕಿ, ಕ್ಲಚ್ಚಿನ ಚೂರು ಎಲ್ಲವೂ ನೇರ ಅವನ ಮೈಮೇಲೆ. ಇಷ್ಟು ಅಪಾಯದ ಜಾಗದಲ್ಲಿ ಮನುಷ್ಯನನ್ನು ಯಾಕೆ ಕೂರಿಸಿದರು?

ಅವನ ತೂಕ ಬೇಕಿತ್ತು, ಅದಕ್ಕೆ. ಹಿಂದಿನ ಚಕ್ರಗಳ ಮೇಲೆ ಇನ್ನೊಂದಿಷ್ಟು ಭಾರ ಬಿದ್ದರೆ ಟೈರು ನೆಲವನ್ನು ಇನ್ನೊಂದಿಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಡ್ರ್ಯಾಗ್ ರೇಸ್ ಎಂದರೆ ಎಂಜಿನ್ನುಗಳ ಕದನ ಎಂದೇ ಹೆಚ್ಚಿನವರ ಎಣಿಕೆ. ಅದರ ಮೊದಲ ಎರಡು ದಶಕಗಳ ಕಥೆಯನ್ನು ಓದುತ್ತಾ ಹೋದಷ್ಟೂ ನನಗೆ ಅನ್ನಿಸಿದ್ದು ಬೇರೆ. ಎಂಜಿನ್ ಶಕ್ತಿ ಬೇಗನೆ ಸಿಕ್ಕಿಬಿಟ್ಟಿತ್ತು. ಸಿಗದೆ ಸತಾಯಿಸಿದ್ದು ಹಿಡಿತ.

ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಒಣಕೆರೆಗಳಲ್ಲಿ. ಮುರಾಕ್, ಎಲ್ ಮಿರಾಜ್ ಎಂಬ ಈ ಕೆರೆಗಳ ತಳ ಬೇಸಿಗೆಯಲ್ಲಿ ಮೈಲಿಗಟ್ಟಲೆ ಮಟ್ಟಸವಾದ ಗಟ್ಟಿ ನೆಲ. ಹಳೆಯ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಬಿಚ್ಚಿ, ಎಂಜಿನ್ ತಿದ್ದಿ ಓಡಿಸುವ ಹುಡುಗರು ವಾರಾಂತ್ಯದಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಅವರ ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಒಂದು ಸಂಘವನ್ನೂ ಕಟ್ಟಿಕೊಂಡವು. ಅಲ್ಲಿ ಅಳೆಯುತ್ತಿದ್ದುದು ಗರಿಷ್ಠ ವೇಗವನ್ನು ಮಾತ್ರ. ವೇಗ ಹತ್ತಿಸಿಕೊಳ್ಳಲು ಬೇಕಾದಷ್ಟು ದೂರ ಇದ್ದುದರಿಂದ ಹೊರಡುವಾಗ ಚಕ್ರ ಜಾರಿದರೂ ನಷ್ಟವಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದು ಸೈನ್ಯದಿಂದ ಮರಳಿದ ಯುವಕರ ಕೈಯಲ್ಲಿ ಯಂತ್ರಜ್ಞಾನವಿತ್ತು, ಜೇಬಿನಲ್ಲಿ ಒಂದಿಷ್ಟು ದುಡ್ಡಿತ್ತು. ಮರುಭೂಮಿ ದೂರ, ಊರಿನ ಬೀದಿ ಹತ್ತಿರ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟುವುದು ಚಾಳಿಯಾಯಿತು, ಅಪಘಾತಗಳೂ ಆದವು. 1949ರಲ್ಲಿ ಸಾಂತಾ ಬಾರ್ಬರಾ ಬಳಿಯ ಗೊಲೀಟಾದಲ್ಲಿ, ವಿಮಾನ ನಿಲ್ದಾಣದ ಪಕ್ಕದ ರಸ್ತೆಯಲ್ಲಿ ಫ್ರಾನ್ ಹರ್ನಾಂಡೆಜ್ ಮತ್ತು ಟಾಮ್ ಕಾಬ್ಸ್ ಎದುರುಬದುರಾಗಿ ನಡೆಸಿದ ಪಂದ್ಯವನ್ನು ಸಂಘಟಿತ ಡ್ರ್ಯಾಗ್ ರೇಸಿನ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಗೆದ್ದದ್ದು ಹರ್ನಾಂಡೆಜ್.

ಮರುವರ್ಷ, 1950ರಲ್ಲಿ, ಸಾಂತಾ ಆನಾದ ವಿಮಾನ ನಿಲ್ದಾಣದಲ್ಲಿ ಸಿ. ಜೆ. ಹಾರ್ಟ್ ಮತ್ತು ಗೆಳೆಯರು ಬಳಕೆಯಿಲ್ಲದ ಒಂದು ರನ್‌ವೇ ಕೇಳಿ ಪಡೆದು ಭಾನುವಾರಗಳಲ್ಲಿ ರೇಸ್ ನಡೆಸಲು ಶುರುಮಾಡಿದರು. ಪ್ರವೇಶಕ್ಕೆ 50 ಸೆಂಟ್. ಹಾರ್ಟ್ ಅವರ ಹೆಂಡತಿ ಪೆಗಿ ಸ್ವತಃ ಕಾರು ಓಡಿಸುತ್ತಿದ್ದರು, ಗಂಡಸರನ್ನು ಸೋಲಿಸುತ್ತಲೂ ಇದ್ದರು. ನಮ್ಮ ಕರಾವಳಿಯ ಜೋಡುಕರೆ ಕಂಬಳ ಕಂಡವರಿಗೆ ಈ ಆಟದ ಸ್ವರೂಪ ಅಪರಿಚಿತವಲ್ಲ. ಪಕ್ಕಪಕ್ಕದ ಎರಡು ನೇರ ಹಾದಿ, ಒಮ್ಮೆಗೆ ಇಬ್ಬರೇ ಸ್ಪರ್ಧಿಗಳು, ಕೆಲವೇ ಕ್ಷಣಗಳಲ್ಲಿ ತೀರ್ಪು. ದೂರ ಕಾಲು ಮೈಲಿ, ಅಂದರೆ 402 ಮೀಟರ್.

ಯುದ್ಧಕ್ಕೆಂದು ಆತುರದಲ್ಲಿ ಕಟ್ಟಿ ಆಮೇಲೆ ಬಿಟ್ಟುಬಿಟ್ಟ ವಿಮಾನದಾರಿಗಳು ಅಮೆರಿಕದ ತುಂಬ ಬಿದ್ದಿದ್ದವು. ಸ್ಯಾನ್ ಡಿಯಾಗೊ ಬಳಿಯ ಪ್ಯಾರಡೈಸ್ ಮೇಸಾ ನೌಕಾಪಡೆಯ ಹಳೆ ಓಡುದಾರಿ. ಮೆಕ್ಸಿಕನ್ ಮೂಲದ ಹ್ವಾಕಿನ್ ಆರ್ನೆಟ್ ಮುಂದಾಳಾಗಿದ್ದ, ಬಣ್ಣ-ಜನಾಂಗ ನೋಡದೆ ಎಲ್ಲರನ್ನೂ ಸೇರಿಸಿಕೊಂಡ ಬೀನ್ ಬ್ಯಾಂಡಿಟ್ಸ್ ತಂಡ ಹೆಸರು ಮಾಡಿದ್ದು ಅಲ್ಲಿ. 1951ರಲ್ಲಿ ವಾಲಿ ಪಾರ್ಕ್ಸ್ ಈ ಹುಡುಗರನ್ನು ಬೀದಿಯಿಂದ ಟ್ರ್ಯಾಕಿಗೆ ತರಲೆಂದು ರಾಷ್ಟ್ರೀಯ ಹಾಟ್ ರಾಡ್ ಸಂಘ ಸ್ಥಾಪಿಸಿದರು (ಹಾಟ್ ರಾಡ್ ಎಂದರೆ ಹೀಗೆ ವೇಗಕ್ಕೆಂದು ತಿದ್ದಿದ ಕಾರು). ಆ ಸಂಘ 1955ರಲ್ಲಿ ತನ್ನ ಮೊದಲ ರಾಷ್ಟ್ರೀಯ ಪಂದ್ಯ ನಡೆಸಿದ ಕಾನ್ಸಸ್ ರಾಜ್ಯದ ಗ್ರೇಟ್ ಬೆಂಡ್ ಕೂಡ ಬಿ-29 ಬಾಂಬರುಗಳ ತರಬೇತಿ ನೆಲೆಯಾಗಿದ್ದ ಜಾಗ. ನಮ್ಮ ಪಕ್ಕದ ಮದರಾಸಿನ ಶೋಲಾವರಂನಲ್ಲೂ ಹಾಗೆಯೇ, ಯುದ್ಧಕಾಲದ ವಿಮಾನದಾರಿಯೇ ರೇಸಿನ ಕಣವಾಯಿತು. ಬೆಂಗಳೂರಿನ ರೇಸ್ ಪ್ರಿಯರು ದಶಕಗಳ ಕಾಲ ಅಲ್ಲಿಗೆ ಹೋಗಿ ಬಂದಿದ್ದಾರೆ.

ಈಗ ಭೌತವಿಜ್ಞಾನಕ್ಕೆ ಬರೋಣ. ಒಣಕೆರೆಯ ಆಟಕ್ಕೂ ಕಾಲು ಮೈಲಿಯ ಆಟಕ್ಕೂ ಇರುವ ವ್ಯತ್ಯಾಸ ದೊಡ್ಡದು. ಇಲ್ಲಿ ಕಾರು ನಿಂತಲ್ಲಿಂದ ಹೊರಡಬೇಕು, ಮೊದಲ ಕ್ಷಣದಿಂದಲೇ ವೇಗ ಏರಬೇಕು. ಸಾಂತಾ ಆನಾದ ಮೊದಲ ದಿನಗಳಲ್ಲಿ ಕಾರುಗಳಿಗೆ ಮುಖಭಂಗ ಮಾಡಿದ್ದು ಮೋಟರ್‌ಸೈಕಲ್ಲುಗಳು. ಚೆಟ್ ಹರ್ಬರ್ಟ್ ತಯಾರಿಸಿದ ಹಾರ್ಲೆ ಬೈಕಿನ ಮುಂದೆ ಯಾವ ಕಾರೂ ನಿಲ್ಲಲಿಲ್ಲ. ಹರ್ಬರ್ಟ್ ಪೋಲಿಯೋದಿಂದಾಗಿ ಗಾಲಿಕುರ್ಚಿಯಲ್ಲಿದ್ದವರು. ಬೈಕ್ ಅವರದು, ಓಡಿಸುವವರು ಬೇರೆಯವರು. ಬೈಕ್ ಹಗುರ, ಅದೇ ಗುಟ್ಟು ಎಂದುಕೊಂಡ ಡಿಕ್ ಕ್ರಾಫ್ಟ್, ಬಾಡಿಯೇ ಇಲ್ಲದ ಕಾರೊಂದನ್ನು ತಂದರು. ಎರಡು ಚಾಸಿ ಪಟ್ಟಿ, ಎಂಜಿನ್, ಚಕ್ರ, ಒಂದು ಸೀಟು. ‘ಬಗ್’ ಎಂಬ ಅಡ್ಡಹೆಸರಿನ ಆ ಅಸ್ಥಿಪಂಜರವೇ ಮುಂದಿನ ಡ್ರ್ಯಾಗ್‌ಸ್ಟರುಗಳ ಅಜ್ಜ.

ತೂಕ ಇಳಿಸಿದರೆ ಅದೇ ಎಂಜಿನ್ ಹೆಚ್ಚು ವೇಗೋತ್ಕರ್ಷ ಕೊಡುತ್ತದೆ ಎಂಬುದು ನ್ಯೂಟನ್ನನ ಸರಳ ಪಾಠ. ಆದರೆ ಅದರ ಒಳಗೆ ಇನ್ನೊಂದು ಪಾಠ ಅಡಗಿದೆ. ಕಾರನ್ನು ಮುಂದೆ ತಳ್ಳುವುದು ಎಂಜಿನ್ ಅಲ್ಲ, ರಸ್ತೆ. ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ, ರಸ್ತೆ ಟೈರನ್ನು ಮುಂದಕ್ಕೆ ತಳ್ಳುತ್ತದೆ. ಮಳೆಗಾಲದ ಕೆಸರಿನಲ್ಲಿ ಸಿಕ್ಕಿಕೊಂಡ ಲಾರಿಯ ಎಂಜಿನ್ನಿಗೆ ಶಕ್ತಿಯೇನು ಕಡಿಮೆ ಇರುವುದಿಲ್ಲ. ಚಕ್ರ ಸುಮ್ಮನೆ ಸುತ್ತುತ್ತದೆ, ಲಾರಿ ಅಲ್ಲೇ ಇರುತ್ತದೆ. ಟೈರಿಗೂ ನೆಲಕ್ಕೂ ನಡುವೆ ಸಿಗಬಹುದಾದ ಗರಿಷ್ಠ ಘರ್ಷಣೆ ಚಕ್ರದ ಮೇಲೆ ಬಿದ್ದ ಭಾರಕ್ಕೆ ತಕ್ಕಷ್ಟು. ಕಾರನ್ನು ಹಗುರ ಮಾಡಿದಿರಿ, ಭಾರ ಇಳಿಯಿತು, ಅದರ ಜೊತೆಗೆ ಹಿಡಿತವೂ ಇಳಿಯಿತು. ಹಾಗಾಗಿ ಹಿಡಿತದ ಮಿತಿಯ ಮಟ್ಟಿಗೆ ಕಾರು ಎಷ್ಟು ಹಗುರ ಎಂಬ ಪ್ರಶ್ನೆಯೇ ಬರುವುದಿಲ್ಲ. ಒಟ್ಟು ಭಾರದಲ್ಲಿ ಎಷ್ಟು ಪಾಲು ತಳ್ಳುವ ಚಕ್ರಗಳ ಮೇಲಿದೆ ಎಂಬುದೇ ಮುಖ್ಯ.

ಒಂದು ಲೆಕ್ಕ ಹಾಕಿ ನೋಡಬಹುದು. ಘರ್ಷಣಾಂಕ 1 ಎಂದುಕೊಳ್ಳಿ, ಅಂದರೆ ಟೈರಿನ ಮೇಲೆ ಬಿದ್ದಷ್ಟೇ ಬಲದ ಹಿಡಿತ. ಕಾರಿನ ಇಡೀ ಭಾರ ಹಿಂದಿನ ಚಕ್ರಗಳ ಮೇಲಿದೆ ಎನ್ನಿ. ಎಂಜಿನ್ ಶಕ್ತಿಗೆ ಮಿತಿಯೇ ಇಲ್ಲ ಎನ್ನಿ. ಆಗ ಕಾರಿನ ವೇಗೋತ್ಕರ್ಷ ಕೈಯಿಂದ ಜಾರಿದ ಕಲ್ಲಿನದರಷ್ಟೇ, ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್. 402 ಮೀಟರ್ ದಾಟಲು 9.06 ಸೆಕೆಂಡ್ ಬೇಕು, ಕೊನೆಯಲ್ಲಿ ವೇಗ ಗಂಟೆಗೆ 320 ಕಿಲೋಮೀಟರಿಗೆ ಒಂದು ಕೂದಲೆಳೆ ಕಡಿಮೆ. ಆ ಎಂಜಿನ್ನಿಗೆ ಸಾವಿರ ಕುದುರೆಯ ಶಕ್ತಿ ಇರಲಿ, ಹತ್ತು ಸಾವಿರದ್ದಿರಲಿ, ಇದಕ್ಕಿಂತ ಬೇಗ ಸಾಧ್ಯವಿಲ್ಲ. ಮೀರಬೇಕಾದರೆ ಟೈರೇ ಬದಲಾಗಬೇಕು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಭಾರವನ್ನು ಹಿಂದಕ್ಕೆ ತರುವ ಕೆಲಸ ಮೊದಲು ನಡೆಯಿತು. ಎಂಜಿನ್ನನ್ನು ಮುಂದಿನಿಂದ ಹಿಂದಕ್ಕೆ ಸರಿಸಿದರು. ಇನ್ನು ಸರಿಸಲು ಜಾಗವಿಲ್ಲ ಎನಿಸಿದಾಗ ಚಾಲಕನನ್ನೇ ಆಕ್ಸೆಲ್ಲಿನ ಹಿಂದಕ್ಕೆ ಕಳಿಸಿದರು. 1954ರ ಸುಮಾರಿಗೆ ಈ ಸ್ಲಿಂಗ್‌ಶಾಟ್ ವಿನ್ಯಾಸವನ್ನು ತಂದ ಹೆಗ್ಗಳಿಕೆ ಮಿಕಿ ಥಾಂಪ್ಸನ್ ಅವರಿಗೆ ಸಲ್ಲುತ್ತದೆ.

ಇನ್ನೊಂದು ಉಪಾಯವೂ ಇತ್ತು, ಅದನ್ನು ನಮ್ಮ ರೈತರು ಟ್ರ್ಯಾಕ್ಟರಿನಲ್ಲಿ ದಿನವೂ ಕಾಣುತ್ತಾರೆ. ಭಾರದ ಟ್ರೈಲರ್ ಎಳೆಯುತ್ತಾ ಏರು ಹತ್ತುವಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಮುಂದಿನ ಚಕ್ರದ ಭಾರವೆಲ್ಲ ಹಿಂದಿನ ಚಕ್ರಕ್ಕೆ ಬಂತು ಎಂದರ್ಥ. ರಭಸದಿಂದ ಹೊರಡುವ ಕಾರಿನಲ್ಲೂ ಭಾರ ಹೀಗೆಯೇ ಹಿಂದಕ್ಕೆ ವಾಲುತ್ತದೆ. ಕಾರಿನ ಗುರುತ್ವಕೇಂದ್ರ ಎತ್ತರದಲ್ಲಿದ್ದಷ್ಟೂ ವಾಲುವ ಭಾರ ಹೆಚ್ಚು. 1960ರ ದಶಕದ ‘ಗ್ಯಾಸರ್’ ಎಂಬ ಪೆಟ್ರೋಲ್ ಕಾರುಗಳು, ವಿಶೇಷವಾಗಿ 1930-40ರ ದಶಕಗಳ ವಿಲ್ಲಿಸ್ ಕೂಪೆಗಳು, ಮೂತಿ ಎತ್ತಿ ನಿಂತ ಗೂಳಿಗಳಂತೆ ಕಾಣುವುದು ಇದಕ್ಕಾಗಿಯೇ. ಮುಂದೆ ಲಾರಿಯದರಂಥ ನೇರ ಆಕ್ಸೆಲ್ ಹಾಕಿ ಇಡೀ ಕಾರನ್ನು ಎತ್ತರಿಸುತ್ತಿದ್ದರು. ರೇಸ್ ಕಾರು ನೆಲಕ್ಕೆ ಅಂಟಿದಂತಿರಬೇಕು ಎಂಬ ತಿಳಿವಳಿಕೆಗೆ ಇದು ಪೂರ್ತಿ ವಿರುದ್ಧ. ತಿರುವುಗಳಿರುವ ಟ್ರ್ಯಾಕಿನಲ್ಲಿ ಅಂಥ ಕಾರು ಮೊದಲ ತಿರುವಿನಲ್ಲೇ ಮಗುಚೀತು. ಕಾಲು ಮೈಲಿಯಲ್ಲಿ ತಿರುವೇ ಇಲ್ಲ.

ಎಂಜಿನ್ನಿನ ಮಾತನ್ನು ಬೇಗ ಮುಗಿಸುತ್ತೇನೆ. 1932ರ ಫೋರ್ಡ್ ವಿ-8 ಎಂಜಿನ್ನಿಗೆ ಹುಟ್ಟಿನಿಂದ ಇದ್ದದ್ದು 65 ಅಶ್ವಶಕ್ತಿ. 1951ರಲ್ಲಿ ಬಂದ ಕ್ರೈಸ್ಲರ್ ಕಂಪನಿಯ ‘ಹೆಮಿ’ ಎಂಜಿನ್ 180ರೊಂದಿಗೇ ಬಂತು. ಅದರ ನೆತ್ತಿಯ ಮೇಲೆ ಜಿಎಂಸಿ 6-71 ಡೀಸೆಲ್ ಎಂಜಿನ್ನಿನ ಗಾಳಿಯೂದುವ ಬ್ಲೋವರ್ ಕೂರಿಸಿದರು. ಆರು ಸಿಲಿಂಡರು, ಒಂದೊಂದೂ 71 ಘನ ಅಂಗುಲ, ಅದೇ ಆ ಹೆಸರಿನ ಅರ್ಥ. ಲಾರಿ, ಬಸ್ಸು, ಯುದ್ಧದ ದೋಣಿಗಳಿಗೆಂದು ಮಾಡಿದ ಈ ಬ್ಲೋವರು ಗುಜರಿಯಲ್ಲಿ ಸಿಗುತ್ತಿತ್ತು. ಇಂಧನ ನೈಟ್ರೋಮೀಥೇನ್. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ನೈಟ್ರೋದ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ 1.7 ಕಿಲೋ ಸಾಕು. ಕಿಲೋಗೆ ಸಿಗುವ ಶಾಖ ಪೆಟ್ರೋಲಿನ ಕಾಲು ಭಾಗವೇ ಆದರೂ, ಎಂಜಿನ್ ಒಳಗೆಳೆದ ಅದೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಹೊರಬರುತ್ತದೆ. ವೇಗ ಕೈಮೀರುತ್ತಿದೆ ಎಂದು ಹಾಟ್ ರಾಡ್ ಸಂಘ 1957ರಿಂದ 1963ರವರೆಗೆ ತನ್ನ ಟ್ರ್ಯಾಕುಗಳಲ್ಲಿ ನೈಟ್ರೋವನ್ನು ನಿಷೇಧಿಸಿತು. ಸಂಘದ ಹಿಡಿತವಿಲ್ಲದ ಕಡೆ ಅದು ಉರಿಯುತ್ತಲೇ ಇತ್ತು.

ಹೀಗೆ ಶಕ್ತಿ ಹರಿದುಬಂತು, ಟೈರು ಅದನ್ನು ತಡೆಯಲಾರದೆ ಹೋಯಿತು. ಆ ಕಾಲದ ಕಾರುಗಳು ಆರಂಭದಿಂದ ಕೊನೆಯವರೆಗೂ ಹಿಂದಿನ ಚಕ್ರಗಳಿಂದ ಬಿಳಿ ಹೊಗೆ ಕಾರುತ್ತಾ ಓಡುತ್ತಿದ್ದವು. ನೋಡಲು ಅದ್ಭುತ ದೃಶ್ಯ. ಹೆಚ್ಚಿನ ಕಾರುಗಳಲ್ಲಿ ಗೇರು ಬದಲಿಸುವ ವ್ಯವಸ್ಥೆಯೇ ಇರಲಿಲ್ಲ, ಒಂದೇ ಗೇರು. ಕ್ಲಚ್ ಮಾಡಬೇಕಿದ್ದ ಜಾರುವ ಕೆಲಸವನ್ನು ಟೈರೇ ಮಾಡುತ್ತಿತ್ತು.

ಮೊದಲಿಗೆ ಹಾಕುತ್ತಿದ್ದುದು ರೀಸೋಲ್ ಮಾಡಿಸಿದ ಟೈರು, ಬಟನ್ ಇಲ್ಲದೆ ನುಣುಪಾಗಿ ಎರಕ ಹೊಯ್ದದ್ದು. ಟೈರಿನ ಗೀರುಗಳಿರುವುದು ಮಳೆನೀರನ್ನು ಹೊರಹಾಕಲಿಕ್ಕೆ. ಒಣ ನೆಲದಲ್ಲಿ ಗೀರು ಇದ್ದಷ್ಟೂ ನೆಲ ಮುಟ್ಟುವ ರಬ್ಬರು ಕಡಿಮೆ. ಆದರೆ ಮುಟ್ಟುವ ವಿಸ್ತೀರ್ಣಕ್ಕೂ ಘರ್ಷಣೆಗೂ ಸಂಬಂಧವಿಲ್ಲ ಎಂದಲ್ಲವೇ ಶಾಲೆಯಲ್ಲಿ ಕಲಿತದ್ದು? ಮರ, ಕಬ್ಬಿಣದಂಥ ಗಟ್ಟಿ ವಸ್ತುಗಳಿಗೆ ಆ ಸೂತ್ರ ಸರಿ. ರಬ್ಬರು ಆ ಸೂತ್ರಕ್ಕೆ ಒಳಪಡುವುದಿಲ್ಲ. ಅದು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕೂರುತ್ತದೆ, ಅಣುಗಳ ಮಟ್ಟದಲ್ಲಿ ಅಂಟಿಕೊಳ್ಳುತ್ತದೆ, ಎಳೆದಾಗ ಒಳಗೊಳಗೇ ಹಿಗ್ಗಿ ಕುಗ್ಗಿ ಶಕ್ತಿಯನ್ನು ನುಂಗುತ್ತದೆ. ಒತ್ತಡ ಹೆಚ್ಚಾದರೆ ಅದರ ಘರ್ಷಣಾಂಕ ಇಳಿಯುತ್ತದೆ, ಭಾರ ಅಗಲಕ್ಕೆ ಹರಡಿದರೆ ಏರುತ್ತದೆ. ಮೆದು ರಬ್ಬರು, ಅಗಲ ಟೈರು, ಕಡಿಮೆ ಗಾಳಿ: ಇದು ಸೂತ್ರ. ಡ್ರ್ಯಾಗ್ ರೇಸಿಗೆಂದೇ ಎಂ ಅಂಡ್ ಎಚ್ ಕಂಪನಿ ಟೈರು ತಯಾರಿಸತೊಡಗಿತು. 1960ರ ದಶಕದಲ್ಲಿ ಪಕ್ಕದ ಗೋಡೆ ಮಡಿಕೆ ಬೀಳುವಷ್ಟು ಮೆದುವಾದ ಟೈರು ಬಂತು. ಹೊರಡುವ ಕ್ಷಣದಲ್ಲಿ ಅದು ನೆರಿಗೆಗಟ್ಟಿ ಕುಸಿದು ನೆಲದ ಮೇಲೆ ಉದ್ದಕ್ಕೆ ಹರಡುತ್ತದೆ. ವೇಗ ಏರಿದಂತೆ ಕೇಂದ್ರದಿಂದ ಹೊರಕ್ಕೆ ಸೆಳೆಯಲ್ಪಟ್ಟು ಎತ್ತರಕ್ಕೆ ಬೆಳೆಯುತ್ತದೆ, ಚಕ್ರದ ಸುತ್ತಳತೆ ಹಿಗ್ಗುತ್ತದೆ. ಗೇರು ಬದಲಿಸದ ಕಾರಿಗೆ ಟೈರೇ ಗೇರು ಬದಲಿಸಿಕೊಟ್ಟಂತೆ. ಇದನ್ನು ನಿಧಾನಗತಿಯ ಚಿತ್ರದಲ್ಲಿ ಮೊದಲ ಸಲ ಕಂಡಾಗ ನಾನು ಅದೆಷ್ಟು ಬಾರಿ ಮತ್ತೆ ಮತ್ತೆ ನೋಡಿದೆನೋ.

ಫ್ಲಾರಿಡಾದ ಡಾನ್ ಗಾರ್ಲಿಟ್ಸ್ 1957ರಲ್ಲಿ ಗಂಟೆಗೆ 176 ಮೈಲಿ ವೇಗ ದಾಖಲಿಸಿದಾಗ ಕ್ಯಾಲಿಫೋರ್ನಿಯಾದವರು ನಂಬಲಿಲ್ಲ. ಗಡಿಯಾರವೇ ಸರಿಯಿಲ್ಲ ಎಂದರು. ಅದೇ ಗಾರ್ಲಿಟ್ಸ್ 1964ರ ಆಗಸ್ಟಿನಲ್ಲಿ ನ್ಯೂಜೆರ್ಸಿಯ ಐಲೆಂಡ್ ಡ್ರ್ಯಾಗ್‌ವೇಯಲ್ಲಿ ಕಾಲು ಮೈಲಿಯನ್ನು 7.78 ಸೆಕೆಂಡಿನಲ್ಲಿ, 201.34 ಮೈಲಿ ವೇಗದಲ್ಲಿ, ಅಂದರೆ ಗಂಟೆಗೆ 324 ಕಿಲೋಮೀಟರಿನಲ್ಲಿ ಮುಗಿಸಿದರು. ನಮ್ಮ 9.06 ಸೆಕೆಂಡಿನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ. ಸರಾಸರಿ ವೇಗೋತ್ಕರ್ಷ ಗುರುತ್ವದ 1.2 ಪಟ್ಟು ಆಸುಪಾಸು, ಆರಂಭದಲ್ಲಿ ಇನ್ನೂ ಹೆಚ್ಚು. ರೆಕ್ಕೆ, ಗಾಳಿಯ ಒತ್ತಡ ಯಾವುದೂ ಲೆಕ್ಕಕ್ಕೆ ಬರದ ಆ ಮೊದಲ ಮೀಟರುಗಳಲ್ಲೂ ರಬ್ಬರು ತನ್ನ ಮೇಲಿನ ಭಾರಕ್ಕಿಂತ ಹೆಚ್ಚಿನ ಬಲದಿಂದ ನೆಲವನ್ನು ಹಿಡಿದಿತ್ತು.

ಸ್ಲಿಂಗ್‌ಶಾಟಿನ ಕೊನೆಯೂ ಗಾರ್ಲಿಟ್ಸ್ ಅವರಿಂದಲೇ ಬಂತು. ಲಾಂಗ್ ಬೀಚ್ ಬಳಿ ಲಯನ್ಸ್ ಕ್ಲಬ್ಬುಗಳು 1955ರಲ್ಲಿ ತೆರೆದಿದ್ದ ಲಯನ್ಸ್ ಟ್ರ್ಯಾಕ್, ಸಮುದ್ರಮಟ್ಟದ ದಟ್ಟ ತಂಪು ಗಾಳಿಯಿಂದಾಗಿ ಎಂಜಿನ್ನುಗಳಿಗೆ ಹಬ್ಬದ ಜಾಗ. 1970ರ ಮಾರ್ಚಿನಲ್ಲಿ ಅಲ್ಲಿ ಹೊರಡುವ ಗೆರೆಯ ಮೇಲೆಯೇ ಅವರ ಕಾರಿನ ಟ್ರಾನ್ಸ್‌ಮಿಷನ್ ಸಿಡಿಯಿತು. ಕಾರು ಎರಡು ತುಂಡಾಯಿತು, ಅವರ ಬಲಪಾದದ ಮುಂಭಾಗ ಹೋಯಿತು. ಆಸ್ಪತ್ರೆಯಿಂದ ಬಂದು ಅವರು ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟ ಕಾರು ಕಟ್ಟಿದರು. ಅಂಥ ಕಾರನ್ನು ಹಿಂದೆಯೂ ಕೆಲವರು ಮಾಡಿದ್ದರು, ಆದರೆ ಅದು ನೇರ ಓಡದೆ ತೊನೆಯುತ್ತಿತ್ತು. ಸ್ಟಿಯರಿಂಗನ್ನು ನಿಧಾನ ತಿರುಗುವಂತೆ ಮಾಡಿದ ಮೇಲೆ ಕಾರು ನೆಟ್ಟಗಾಯಿತು. 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಅದೇ ಗೆದ್ದಿತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ದಾರಿ ಹಿಡಿದರು. ಲಯನ್ಸ್ ಟ್ರ್ಯಾಕ್ 1972ರ ಡಿಸೆಂಬರಿನಲ್ಲಿ ಮುಚ್ಚಿತು. ಸಾಂತಾ ಆನಾದ ಭಾನುವಾರಗಳು 1959ರಲ್ಲೇ ನಿಂತಿದ್ದವು. ಅದು ಇಂದಿನ ಜಾನ್ ವೇಯ್ನ್ ವಿಮಾನ ನಿಲ್ದಾಣ.

ಉಳಿದುಕೊಂಡ ಹಳೆಯ ಸ್ಲಿಂಗ್‌ಶಾಟುಗಳನ್ನು ಜತನದಿಂದ ದುರಸ್ತಿ ಮಾಡಿದವರು ಬೇಕರ್ಸ್‌ಫೀಲ್ಡ್ ಬಳಿಯ ಫಾಮೋಸೋ ಟ್ರ್ಯಾಕಿಗೆ ಅವನ್ನು ತಂದದ್ದಿದೆ. ಸ್ಟಾರ್ಟರ್ ಇಲ್ಲದ ಕಾರುಗಳಾದ್ದರಿಂದ ಹಿಂದಿನಂತೆಯೇ ಇನ್ನೊಂದು ಗಾಡಿ ಅವನ್ನು ತಳ್ಳುತ್ತದೆ. ಚಕ್ರ ಎಂಜಿನ್ನನ್ನು ತಿರುಗಿಸುತ್ತದೆ, ಎಂಜಿನ್ ಕೆಮ್ಮಿ ಹೊತ್ತಿಕೊಳ್ಳುತ್ತದೆ, ಕತ್ತಲಲ್ಲಿ ಒಂದೊಂದು ಸೈಲೆನ್ಸರಿಲ್ಲದ ಕೊಳವೆಯ ಬಾಯಿಂದಲೂ ಬೆಂಕಿಯ ನಾಲಗೆ ಏಳುತ್ತದೆ. ನೈಟ್ರೋದ ಹೊಗೆಗೆ ಸುತ್ತ ನಿಂತವರ ಕಣ್ಣು ಉರಿದು ನೀರು ಸುರಿಯುತ್ತದೆ, ಯಾರೂ ಹಿಂದೆ ಸರಿಯುವುದಿಲ್ಲ. ಆ ಕಾರುಗಳು ಅಲ್ಲಿ ಓಡುವುದಿಲ್ಲ. ಸಾಲಾಗಿ ನಿಂತು, ಬೋಳು ಟೈರುಗಳನ್ನು ಅಲುಗಾಡಿಸದೆ, ಟ್ಯಾಂಕಿನಲ್ಲಿ ಇಂಧನ ಇರುವಷ್ಟು ಹೊತ್ತು ಗುಡುಗುತ್ತವೆ.