ಪದ ಪರಿಚಯ: ಎದೆಹಾಲಿನ ಪಾಶ್ಚರೀಕರಣ

ತಾಯಿಯ ಹಾಲನ್ನು ಕುದಿಯಲು ಬಿಡದೆ, ಅದರಲ್ಲಿರಬಹುದಾದ ವೈರಾಣು ಮತ್ತು ಬ್ಯಾಕ್ಟೀರಿಯಾಗಳು ನಾಶವಾಗುವಷ್ಟು ಮಾತ್ರ ಬಿಸಿಮಾಡಿ ಕೂಡಲೇ ತಣಿಸುವ ಕ್ರಮಕ್ಕೆ ಎದೆಹಾಲಿನ ಪಾಶ್ಚರೀಕರಣ ಎನ್ನುತ್ತಾರೆ. ತಾಯಂದಿರ ಎದೆಹಾಲನ್ನು ಸಂಗ್ರಹಿಸಿ ಅಗತ್ಯವಿರುವ ಶಿಶುಗಳಿಗೆ ಒದಗಿಸುವ ಹಾಲಿನ ಬ್ಯಾಂಕುಗಳಲ್ಲಿ ರೂಢಿಯಲ್ಲಿರುವ ‘ಹೋಲ್ಡರ್’ ವಿಧಾನದಲ್ಲಿ, ದಾನವಾಗಿ ಬಂದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಡಲಾಗುತ್ತದೆ. ಎಚ್‌ಐವಿ, ಸೈಟೊಮೆಗಲೊ ವೈರಸ್‌ಗಳು ಇದಕ್ಕೆ ತಾಳುವುದಿಲ್ಲ. ಕೊಬ್ಬನ್ನು ಜೀರ್ಣಿಸಲು ನೆರವಾಗುವ ಕಿಣ್ವವೂ ನಷ್ಟವಾಗುತ್ತದೆಯಾದರೂ ರೋಗನಿರೋಧಕ ಅಂಶಗಳಲ್ಲಿ ಗಣನೀಯ ಪಾಲು ಉಳಿಯುತ್ತದೆ. ನಮ್ಮ ದೇಶದ ಮೊದಲ ಹಾಲಿನ ಬ್ಯಾಂಕು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು.

ಆದರೆ ಎಚ್‌ಐವಿ ಇರುವ ತಾಯಿ ದಿನವೂ ಹಾಲು ಹಿಂಡಿ ಬಿಸಿಮಾಡಿಯೇ ಕುಡಿಸಬೇಕೆಂದು ಇದರ ಅರ್ಥವಲ್ಲ. ಆಕೆಗೆ ಮುಖ್ಯ ರಕ್ಷಣೆ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳೇ. ಚಿಕಿತ್ಸೆ ಇಲ್ಲದಿದ್ದರೆ ಬಸಿರು, ಹೆರಿಗೆ, ಎದೆಹಾಲುಗಳ ಮೂಲಕ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45; ಸರಿಯಾದ ಚಿಕಿತ್ಸೆಯಿಂದ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಕಾರವಾರದ ಜಿಲ್ಲಾಸ್ಪತ್ರೆಯಾಗಲಿ, ಶಿರಸಿಯ ಸರ್ಕಾರಿ ಆಸ್ಪತ್ರೆಯಾಗಲಿ, ಗರ್ಭಿಣಿಗೆ ಬಸಿರಿನ ಆರಂಭದಲ್ಲೇ ಮಾಡಿಸುವ ಉಚಿತ ಎಚ್‌ಐವಿ ಪರೀಕ್ಷೆಯನ್ನು ಯಾವ ಕಾರಣಕ್ಕೂ ಮುಂದೂಡಬಾರದು.

ಇಲ್ಲಿ ನಮ್ಮ ಜಿಲ್ಲೆಯ ಬಾಣಂತನದ ಒಂದು ವಾಡಿಕೆಯನ್ನು ಹೇಳಲೇಬೇಕು. ಸಾಣೆಕಲ್ಲಿನ ಮೇಲೆ ಬಜೆ ತೇಯ್ದು, ಜೇನುತುಪ್ಪದಲ್ಲಿ ಕಲಸಿ, ಹಸುಗೂಸಿನ ನಾಲಿಗೆಗೆ ಹಚ್ಚುವ ಅಜ್ಜಿಯಂದಿರು ಘಟ್ಟದ ಮೇಲೂ ಕರಾವಳಿಯಲ್ಲೂ ಇದ್ದಾರೆ. ಅವರ ಅಕ್ಕರೆಯಲ್ಲಿ ಅನುಮಾನವಿಲ್ಲ. ಆದರೆ ಮೊದಲ ಆರು ತಿಂಗಳಲ್ಲಿ ಎದೆಹಾಲಿನ ಜೊತೆ ಜೇನು, ಹಸುವಿನ ಹಾಲು, ಗಂಜಿತಿಳಿ ಏನನ್ನು ಕೊಟ್ಟರೂ ಮಗುವಿನ ಎಳೆಯ ಕರುಳಿನ ಒಳಪದರಕ್ಕೆ ಧಕ್ಕೆಯಾಗಿ, ತಾಯಿಗೆ ಎಚ್‌ಐವಿ ಇದ್ದರೆ ಆ ವೈರಾಣುವಿಗೆ ದಾರಿಯಾಗಬಹುದು. ಎದೆಹಾಲೊಂದನ್ನೇ ಕುಡಿಯುವ ಶಿಶುಗಳಿಗಿಂತ ಹೀಗೆ ಬೆರಕೆ ಆಹಾರ ಪಡೆದವರಲ್ಲಿ ಸೋಂಕು ಹೆಚ್ಚೆಂದು ದಕ್ಷಿಣ ಆಫ್ರಿಕಾದ ಅಧ್ಯಯನಗಳು ತೋರಿಸಿವೆ.

ಎಚ್‌ಐವಿ ಇರುವ ತಾಯಿಗೆ ಎಆರ್‌ಟಿ ಮಾತ್ರೆ ತಾತ್ಕಾಲಿಕವಾಗಿ ಸಿಗದಿದ್ದಾಗ, ಎದೆಯಲ್ಲಿ ಬಾವು ಬಂದಾಗ, ಅಥವಾ ಕಡಿಮೆ ತೂಕದ ಮಗುವಿಗೆ ಚೀಪಲು ಆಗದಿದ್ದಾಗ ಹಾಲನ್ನು ಬಿಸಿಮಾಡಿ ಕೊಡುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರ ಮಾರ್ಗಸೂಚಿಯಲ್ಲಿ ತಾತ್ಕಾಲಿಕ ಉಪಾಯವಾಗಿ ಸಮ್ಮತಿಸಿದೆ. ಮನೆಯಲ್ಲಿ ಮಾಡುವ ‘ಫ್ಲ್ಯಾಶ್ ಹೀಟ್’ ಕ್ರಮ ಸರಳವಾದುದು: ಹಿಂಡಿದ ಹಾಲಿನ ಗಾಜಿನ ಭರಣಿಯನ್ನು ನೀರಿನ ಪಾತ್ರೆಯಲ್ಲಿಟ್ಟು ಒಲೆಯ ಮೇಲಿರಿಸಿ, ನೀರು ಕೊತಕೊತ ಕುದಿ ಬಂದೊಡನೆ ಭರಣಿಯನ್ನು ಹೊರತೆಗೆದು ತಣಿಸಬೇಕು. ಆಸ್ಪತ್ರೆಯ ಆಪ್ತಸಮಾಲೋಚಕರಿಂದ ಇದನ್ನು ಕಲಿತೇ ಮಾಡಬೇಕು, ತಟ್ಟೆ-ಲೋಟ ಶುಚಿಯಾಗಿರಬೇಕು.

ಹೆಪಟೈಟಿಸ್-ಬಿ ಇರುವ ತಾಯಿಯ ಹಾಲಿಗೆ ಇದಾವುದೂ ಬೇಕಿಲ್ಲ. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಹಾಕಿಸಿ ಆಕೆ ನೇರವಾಗಿ ಹಾಲೂಡಿಸಬಹುದು.