ಆಕ್ಸೈಡ್ ಒಳಗೆ ಲೋಹಗಳ ಗುಂಪುಗಾರಿಕೆ

ಕುದುರೆಮುಖದ ಅದಿರು ಅಂದರೆ ನಮ್ಮ ಚಿಕ್ಕಮಗಳೂರು ಕಡೆಯವರಿಗೆ ನೆನಪಾಗುವುದು ಗಣಿ, ಅದರ ವಿರುದ್ಧದ ಹೋರಾಟ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಬಿದ್ದ ಬೀಗ. ಅಲ್ಲಿ ತೆಗೆಯುತ್ತಿದ್ದ ಮ್ಯಾಗ್ನೆಟೈಟ್ ವಿಜ್ಞಾನಿಗಳಿಗೆ 70 ವರ್ಷಕ್ಕೂ ಜಾಸ್ತಿ ತಲೆನೋವು ಕೊಟ್ಟ ಕಲ್ಲು.

ಅದು ಕಬ್ಬಿಣದ ಆಕ್ಸೈಡ್, ಅಂದರೆ ಕಬ್ಬಿಣ ಮತ್ತು ಆಕ್ಸಿಜನ್ ಸೇರಿ ಆದದ್ದು. ಇಂಥವುಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಆದರೂ ಇದರಲ್ಲಿ ವಿದ್ಯುತ್ ಸಾಕಷ್ಟು ಚೆನ್ನಾಗಿ ಹರಿಯುತ್ತದೆ. ಸುಮಾರು ಮೈನಸ್ 150 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಮಾತ್ರ ಆ ಹರಿವು ಥಟ್ಟನೆ ನೂರು ಪಟ್ಟಿನಷ್ಟು ಕುಸಿಯುತ್ತದೆ. 1939ರಲ್ಲಿ ಇದನ್ನು ವರದಿ ಮಾಡಿದವರು ಡಚ್ ವಿಜ್ಞಾನಿ ವೆರ್ವೆ. ಓಡಾಡುವ ಎಲೆಕ್ಟ್ರಾನ್‌ಗಳು ಅಲ್ಲಲ್ಲೇ ಕೂತುಬಿಡುತ್ತವೆ ಎಂಬುದು ಅವರ ಊಹೆ. ಹೇಗೆ ಕೂರುತ್ತವೆ ಅನ್ನುವುದು ಗೊತ್ತಾಗಲು 2012 ಬರಬೇಕಾಯಿತು. ಎಡಿನ್‌ಬರೋದ ಅಟ್‌ಫೀಲ್ಡ್ ತಂಡ ಪುಟ್ಟ ಹರಳೊಂದಕ್ಕೆ ಎಕ್ಸ್‌ರೇ ಹಾಯಿಸಿ ನೋಡಿತು. ಸಾಲಾಗಿ ನಿಂತ ಮೂರು ಮೂರು ಕಬ್ಬಿಣದ ಪರಮಾಣುಗಳು ಒಂದೊಂದು ಎಲೆಕ್ಟ್ರಾನನ್ನು ಹಂಚಿಕೊಂಡಿದ್ದವು.

ಹಾಸನದ ನುಗ್ಗೇಹಳ್ಳಿ ಸೀಮೆಯ ಮ್ಯಾಗ್ನೆಟೈಟ್‌ನಲ್ಲಿ ವನಾಡಿಯಂ ಎಂಬ ಲೋಹ ಕೂಡ ಇದೆ. ಅದರ ಡೈಆಕ್ಸೈಡ್‌ನದು ಇನ್ನೊಂದು ಆಟ. 68 ಡಿಗ್ರಿಗಿಂತ ಕೆಳಗೆ ವನಾಡಿಯಂ ಪರಮಾಣುಗಳು ಜೋಡಿಯಾಗುತ್ತವೆ, ವಿದ್ಯುತ್ ಹರಿವು ಸೊರಗುತ್ತದೆ. ಬಿಸಿ ಏರಿದರೆ ಜೋಡಿ ಬಿಡುತ್ತದೆ, ಹರಿವು ಶುರು. ಈ ದಿಢೀರ್ ಬದಲಾವಣೆಯನ್ನು 1959ರಲ್ಲಿ ಮೋರಿನ್ ತೋರಿಸಿದರು.

ಶಾಲೆಯಲ್ಲಿ ಕಲಿತ ಆಕ್ಸೈಡ್‌ನಲ್ಲಿ ಲೋಹಕ್ಕೆ ನಂಟು ಆಕ್ಸಿಜನ್ ಜೊತೆ ಮಾತ್ರ, ಅಲ್ವಾ? ಅದನ್ನು ಪೂರ್ತಿ ಸುಳ್ಳು ಮಾಡಿದ್ದು ಮಾಲಿಬ್ಡಿನಂ ಎಂಬ ಲೋಹ. 1957ರಲ್ಲಿ ಮೆಕ್‌ಕ್ಯಾರಲ್, ಕಾಟ್ಜ್ ಮತ್ತು ವಾರ್ಡ್ ಸತು-ಮಾಲಿಬ್ಡಿನಂ ಆಕ್ಸೈಡ್ ಒಂದರಲ್ಲಿ ಮೂರು ಮಾಲಿಬ್ಡಿನಂಗಳ ತ್ರಿಕೋನ ಕಂಡರು. ಪರಮಾಣುಗಳ ನಡುವೆ ಸುಮಾರು 2.53 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು). ಅಪ್ಪಟ ಮಾಲಿಬ್ಡಿನಂ ಲೋಹದಲ್ಲೇ ಈ ದೂರ 2.73! ಒಂದೊಂದು ಪರಮಾಣುವಿನಿಂದ ಎರಡು ಎಲೆಕ್ಟ್ರಾನ್, ಒಟ್ಟು ಆರು. ತ್ರಿಕೋನದ ಮೂರು ಬದಿಗೆ ಮೂರು ಬಂಧ, ಆರೂ ಖರ್ಚು. ಹರಿಯಲು ಏನೂ ಉಳಿಯುವುದಿಲ್ಲ. ಈ ಲೆಕ್ಕ ನನಗೆ ತುಂಬ ಇಷ್ಟ.

1979ರಲ್ಲಿ ಅಯೋವಾದ ಟೊರಾರ್ಡಿ ಮತ್ತು ಮೆಕಾರ್ಲಿ ಇದಕ್ಕೆ ಉಲ್ಟಾ ಹೊಡೆಯುವ ಸೋಡಿಯಂ-ಮಾಲಿಬ್ಡಿನಂ ಆಕ್ಸೈಡ್ ಮಾಡಿದರು. ಆರಾರು ಮಾಲಿಬ್ಡಿನಂಗಳ ಗುಂಪುಗಳು ಅಂಚು ಹಂಚಿಕೊಂಡು ಉದ್ದುದ್ದ ಸರಪಳಿಯಾಗಿವೆ, ವಿದ್ಯುತ್ ಲೋಹದಲ್ಲಿ ಹರಿದಂತೆಯೇ ಹರಿಯುತ್ತದೆ.

ಹಳೆಯ ತ್ರಿಕೋನದ ಕತೆ ಅಲ್ಲಿಗೇ ನಿಲ್ಲಲಿಲ್ಲ. ಸತುವಿನ ಜೊತೆ ಲಿಥಿಯಂ ಸೇರಿಸಿದರೆ ತ್ರಿಕೋನಕ್ಕೆ ಏಳನೆಯ ಎಲೆಕ್ಟ್ರಾನ್ ಬರುತ್ತದೆ. ಅದು ಯಾವ ಒಂದು ಪರಮಾಣುವಿನದೂ ಅಲ್ಲ. ಇಡೀ ತ್ರಿಕೋನವೇ ಒಂದು ಸಣ್ಣ ಅಯಸ್ಕಾಂತ. ಚೆನ್ನಾಗಿ ತಣಿಸಿದರೆ ಇಂಥ ಅಯಸ್ಕಾಂತಗಳ ಮೂರರಲ್ಲಿ ಎರಡು ಪಾಲಿನ ಕಾಂತತೆ ಅಳತೆಗೇ ಸಿಗುವುದಿಲ್ಲ ಎಂದು 2012ರಲ್ಲಿ ಗೊತ್ತಾಯಿತು. ಯಾಕೆ ಎಂಬ ಬಗ್ಗೆ ಒಂದಕ್ಕಿಂತ ಹೆಚ್ಚು ವಾದಗಳಿವೆ.